ಪುಣೆ ಮಳೆಯಲ್ಲಿ ಮೇಣದ ಚೈನ್: ನನ್ನ ಅನುಭವ

ಗೋವಾದ ಐರನ್‌ಮ್ಯಾನ್ 70.3, ಅಂದರೆ ಈಜು, ಸೈಕಲ್, ಓಟ ಮೂರೂ ಇರುವ ರೇಸ್, ನಡೆಯೋದು ಅಕ್ಟೋಬರ್, ನವೆಂಬರ್ ಹೊತ್ತಿಗೆ. ಹಾಗಾಗಿ ಪುಣೆಯಲ್ಲಿರುವ ನಮ್ಮ ತಯಾರಿಯ ಲಾಂಗ್ ಸೈಕಲ್ ರೈಡ್‌ಗಳೆಲ್ಲ ಮಳೆಗಾಲದಲ್ಲೇ. ಖಡಕವಾಸಲಾ ದಾಟಿ ಹೋಗಿ ಬಂದರೆ ಸಾಕು, ಚೈನ್ ಮೇಲೆ ಕರಿ ಕೆಸರು. ನನ್ನ ಹತ್ತಿರ ಇರುವುದು ಒಂದೇ ರೋಡ್ ಬೈಕ್, ಅಂದರೆ ರಸ್ತೆಯಲ್ಲಿ ವೇಗವಾಗಿ ಓಡಿಸುವ ಸೈಕಲ್. ಮಳೆಗೂ ಅದೇ, ಮುಂದೆ ಬಾಗಿ ಹಿಡಿಯುವ ಏರೋಬಾರ್ ಕೂರಿಸಿದರೆ ರೇಸಿಗೂ ಅದೇ. ಎಣ್ಣೆ ಹಾಕುತ್ತಿದ್ದ ಕಾಲದಲ್ಲಿ ಒಂದೇ ಮಳೆಗಾಲ ಎರಡು ಚೈನ್, ಒಂದು ಕ್ಯಾಸೆಟ್ (ಹಿಂದಿನ ಚಕ್ರದ ಹಲ್ಲುಚಕ್ರಗಳ ಸೆಟ್) ತಿಂದುಹಾಕಿತು. ಹತ್ತಿರ ಹತ್ತಿರ ಒಂಬತ್ತು ಸಾವಿರ ಹೋಯಿತು.

ಎಣ್ಣೆಯ ಬದಲು ಚೈನನ್ನು ಕರಗಿಸಿದ ಮೇಣದಲ್ಲಿ ಅದ್ದಿ ಮೇಣ ಹಾಕುತ್ತೇನೆ ಅಂದಾಗ ನಮ್ಮ ಗುಂಪಿನಲ್ಲಿ ಯಾರೂ ಒಪ್ಪಲಿಲ್ಲ. ಧಾರವಾಡದ ಗೆಳೆಯರೊಬ್ಬರು, "ಮೇಣ ಮಳಿಗೆ ನಿಲ್ತದೇನ್ರೀ? ಸುಮ್ನೆ ಚೈನ್ ಹಾಳು ಮಾಡ್ಕೋತೀರಿ" ಅಂದರು. ಮೊದಲ ಮೂರು ಸಲ ಅವರ ಮಾತೇ ನಿಜವಾಯಿತು.

ಮೊದಲನೇ ಸಲ ಹೊಸ ಚೈನಿನ ಗ್ರೀಸ್ ಪೂರ್ತಿ ತೆಗೆಯದೆ ಮೇಣಕ್ಕೆ ಹಾಕಿದೆ. ಬೋಪದೇವ ಘಾಟ್ ಹತ್ತುವಷ್ಟರಲ್ಲಿ ಮೇಣವೆಲ್ಲ ಉದುರಿ ಚೈನ್ ಕಿರುಗುಟ್ಟತೊಡಗಿತು. ಎರಡನೇ ಸಲ ಗ್ರೀಸ್ ತೆಗೆದೆ, ಆದರೆ ಮೇಣ ಕುದಿಯುವಷ್ಟು ಬಿಸಿ ಇದ್ದಾಗಲೇ ಚೈನ್ ಎತ್ತಿಬಿಟ್ಟೆ. ಎಲ್ಲ ಸೋರಿ ಹೋಯಿತು. ಆ ಸಲ ಹಾಲಿನ ಪಾತ್ರೆ ಬಳಸಿದ್ದೆ. ಮನೆಯವಳು, "ರೀ, ನಾಳೆಯಿಂದ ಅಡುಗೆಮನೆಗೆ ಚೈನ್ ತಂದರೆ ನೋಡಿ" ಅಂದಳು. ಮುನ್ನೂರು ರೂಪಾಯಿಗೆ ಹಳೆಯ ಚಿಕ್ಕ ರೈಸ್ ಕುಕ್ಕರ್ ಒಂದು ತಂದು ಬಾಲ್ಕನಿಯಲ್ಲಿ ಇಟ್ಟುಕೊಂಡೆ. ಮೂರನೇ ಸಲ ಎಲ್ಲ ಸರಿ ಇತ್ತು. ಮಳೆಯಲ್ಲಿ ನೆನೆದು ಬಂದು ಸುಸ್ತಾಗಿ ಮಲಗಿದೆ. ಬೆಳಿಗ್ಗೆ ನೋಡಿದರೆ ಲಿಂಕಿನ ಮೇಲೆಲ್ಲ ಕೆಂಪು ತುಕ್ಕು. ಎಣ್ಣೆ ಕಾಯುವ ಹಾಗೆ ಮೇಣ ಹೊರಗಿನ ಪಟ್ಟಿಯನ್ನು ತುಕ್ಕಿನಿಂದ ಕಾಯುವುದಿಲ್ಲ, ಅದು ಆಗ ಗೊತ್ತಾಯಿತು.

ಈಗ ಮಾಡುವುದು ಹೀಗೆ. ಚೈನನ್ನು ಡಬ್ಬಿಯಲ್ಲಿ ಹಾಕಿ ಟರ್ಪೆಂಟೈನ್‌ನಲ್ಲಿ ಕುಲುಕುತ್ತೇನೆ, ದ್ರಾವಣ ತಿಳಿಯಾಗುವವರೆಗೆ, ಮೂರೋ ನಾಲ್ಕೋ ಸಲ. ಕೊನೆಗೆ ಸ್ಪಿರಿಟ್. ಪೂರ್ತಿ ಒಣಗಿದ ಮೇಲೆಯೇ ಕುಕ್ಕರ್ ಹತ್ತಿರ ತರಬೇಕು, ಬೆಂಕಿಯ ವಿಷಯ ಇದು. ಪ್ಯಾರಾಫಿನ್ ಮೇಣ ರವಿವಾರ ಪೇಠೆಯಲ್ಲಿ ತಂದದ್ದು, ಕಿಲೋಗೆ ಇನ್ನೂರರ ಆಸುಪಾಸು. ಒಂದು ಕಿಲೋ ಒಂದೂವರೆ ವರ್ಷ ಬಂತು. ತೊಂಬತ್ತು ಡಿಗ್ರಿ ಹತ್ತಿರ ಚೈನ್ ಇಳಿಸಿ, ತಂತಿಯಿಂದ ಅಲ್ಲಾಡಿಸುತ್ತಾ ಗುಳ್ಳೆ ಬರುವುದು ನಿಲ್ಲುವ ತನಕ ಬಿಡುತ್ತೇನೆ. ಆಮೇಲೆ ಕುಕ್ಕರ್ ಆಫ್. ಆರುವ ಹಾಲಿಗೆ ಕೆನೆ ಕಟ್ಟುವ ಹಾಗೆ ಮೇಣದ ಮೇಲೆ ತೆಳು ಪದರ ಬರುತ್ತದೆ. ಎತ್ತುವುದು ಆಗಲೇ. ತಣ್ಣಗಾದ ಮೇಲೆ ಚೈನ್ ಕೋಲಿನ ಹಾಗೆ ಸೆಟೆದು ನಿಲ್ಲುತ್ತದೆ. ಒಂದೊಂದೇ ಲಿಂಕ್ ಬಗ್ಗಿಸಿದರೆ ಟಿಕ್ ಟಿಕ್ ಅಂತ ಬಿಡುತ್ತದೆ. ಮೇಣಕ್ಕೆ ನಾನು ಚಿಟಿಕೆಯಷ್ಟು ಇನ್ನೊಂದು ಪುಡಿ ಸೇರಿಸುತ್ತೇನೆ. ಅದನ್ನು ಸದ್ಯಕ್ಕೆ ಹೇಳುವುದಿಲ್ಲ.

ಮಳೆಗೆ ಉಪಾಯ ಎರಡು ಚೈನ್. ನೆನೆದು ಬಂದ ಕೂಡಲೇ, ಸ್ನಾನಕ್ಕೂ ಮೊದಲು, ಚೈನಿನ ಕ್ವಿಕ್ ಲಿಂಕ್ (ಸುಲಭವಾಗಿ ತೆಗೆಯುವ ಕೊಂಡಿ) ಬಿಚ್ಚಿ ಒರೆಸಿ ಒಣಗಿಸುತ್ತೇನೆ. ಇನ್ನೊಂದನ್ನು ಬೈಕಿಗೆ ಹಾಕುತ್ತೇನೆ. ಒಣ ರಸ್ತೆಯಾದರೆ ಮುನ್ನೂರು ಕಿಲೋಮೀಟರಿಗೆ ಒಮ್ಮೆ ಮೇಣ ಸಾಕು.

ನಡುವೆ ಸೋಯಾ ಮೇಣ ಬೆರೆಸಿ ನೋಡಿದೆ. ಮೆತ್ತಗಾಗಿ ಮರಳು ಹಿಡಿಯಿತು, ಬಿಟ್ಟೆ.

ಗೋವಾದಲ್ಲಿ ರೇಸ್ ನಡೆಯುವ ಮಿರಾಮಾರ್ ಬೀಚಿನಲ್ಲಿ ಬೈಕನ್ನು ಹಿಂದಿನ ದಿನವೇ ರೇಸಿನವರಿಗೆ ಒಪ್ಪಿಸಬೇಕು, ರಾತ್ರಿಯಿಡೀ ಸಮುದ್ರದ ತೇವ ಕುಡಿಯುತ್ತದೆ. ಹೊಸದಾಗಿ ಮೇಣ ಹಾಕಿದ ಚೈನ್ ಮೊದಲು ಬಿಗಿಯಾಗಿರುತ್ತದೆ, ಅದಕ್ಕೆ ಒಪ್ಪಿಸುವ ಮೊದಲು ಹದಿನೈದು ಕಿಲೋಮೀಟರ್ ಓಡಿಸಿದೆ. ಬೆಳಿಗ್ಗೆ 1.9 ಕಿಲೋಮೀಟರ್ ಈಜಿ ಬಂದು ಬೈಕ್ ಹತ್ತಿದಾಗ ಚೈನಿನಿಂದ ಒಂದು ಸದ್ದಿಲ್ಲ. 90 ಕಿಲೋಮೀಟರ್ ಮೂರು ಗಂಟೆ ಐದು ನಿಮಿಷದಲ್ಲಿ ಮುಗಿಯಿತು, ಹಿಂದಿನ ಸಲಕ್ಕಿಂತ ಹನ್ನೊಂದು ನಿಮಿಷ ಬೇಗ. ಅಷ್ಟೂ ಮೇಣದ್ದೇ ಅನ್ನುವುದಿಲ್ಲ, ತಯಾರಿಯೂ ಚೆನ್ನಾಗಿತ್ತು. ಆದರೆ ರೇಸ್ ಮುಗಿದ ಮೇಲೆ ಧಾರವಾಡದ ಗೆಳೆಯರು ನನ್ನ ಚೈನಿನ ಮೇಲೆ ಬಿಳಿ ಕರ್ಚೀಫ್ ಎಳೆದು ನೋಡಿದರು. ಬೂದಿ ಬಣ್ಣದ ಒಂದು ಗೆರೆ ಬಿಟ್ಟರೆ ಏನೂ ಹತ್ತಿರಲಿಲ್ಲ. "ಕುಕ್ಕರ್ ಎಲ್ಲಿ ತಗೊಂಡ್ರಿ?" ಅಂದರು.

ಆ ಜೋಡಿ ಚೈನ್ ಈಗ ತಲಾ ನಾಲ್ಕೂವರೆ ಸಾವಿರ ಕಿಲೋಮೀಟರ್ ಓಡಿದೆ. ಚೈನ್ ಎಷ್ಟು ಸವೆದಿದೆ ಎಂದು ಅಳೆಯುವ ಚೆಕರ್‌ನ 0.5 ಮೊನೆ ಇನ್ನೂ ಒಳಗೆ ಇಳಿಯುವುದಿಲ್ಲ, ಅಂದರೆ ಬದಲಿಸುವಷ್ಟು ಸವೆದಿಲ್ಲ.