ಭತ್ತದ ಬಯಲಲ್ಲಿ ಆಡು ಸಾಕಿ ಲಿವರ್ ಹುಳ ಗೆದ್ದದ್ದು: ನನ್ನ ಅನುಭವ

ಆಡಿಗೆ ಲಿವರ್ ಹುಳ ಬರಲ್ಲ, ಅದು ಎಮ್ಮೆ-ಕುರಿ ಕಾಯಿಲೆ ಅಂತ ನಮ್ಮ ಕಡೆ ಈಗಲೂ ವಾದ ಮಾಡುತ್ತಾರೆ. ಗುಡ್ಡದಲ್ಲಿ ಸೊಪ್ಪು ತಿನ್ನುವ ಆಡಿಗೆ ಕಡಿಮೆ, ಒಪ್ಪುತ್ತೇನೆ. ಆದರೆ ದಾವಣಗೆರೆ ಜಿಲ್ಲೆಯ ಮಲೇಬೆನ್ನೂರು ಸುತ್ತ ಭದ್ರಾ ನಾಲೆಯ ಬಯಲಲ್ಲಿ ಆಡು ಮೇಯುವುದೇ ಗದ್ದೆ ಬದುವಿನಲ್ಲಿ. ವರ್ಷಕ್ಕೆ ಎರಡು ಬೆಳೆ ಭತ್ತ. ಬಸಿಗಾಲುವೆ ಒಣಗುವುದೇ ಅಪರೂಪ, ಅದರಲ್ಲಿ ಬಸವನಹುಳ ಯಾವಾಗಲೂ ಇರುತ್ತದೆ. ಲಿವರ್ ಹುಳದ ಮರಿ ಬೆಳೆಯುವುದು ಆ ಬಸವನಹುಳದ ಮೈಯಲ್ಲೇ, ಆಮೇಲೆ ಹೊರಬಂದು ಹುಲ್ಲಿಗೆ ಅಂಟಿಕೊಳ್ಳುತ್ತದೆ. ಕೊಯ್ಲಾದ ಮೇಲೆ ಕೂಳೆಗೆ ಬಿಟ್ಟರೆ ಹುಳದ ಮರಿ ಹುಲ್ಲಿನ ಜೊತೆ ಹೊಟ್ಟೆಗೆ ಹೋಗುತ್ತದೆ.

ಆಗ ನನ್ನ ಹತ್ತಿರ 40ರ ಆಸುಪಾಸು ಆಡಿದ್ದವು. ಎರಡು ಚಳಿಗಾಲದಲ್ಲಿ 12-13 ಹೋದವು. ಹೆಚ್ಚುಕಡಿಮೆ ಒಂದು ಲಕ್ಷ ನಷ್ಟ. ಕೆಲವಕ್ಕೆ ಗದ್ದದ ಕೆಳಗೆ ನೀರು ತುಂಬಿ ಬಾವು, ಕಣ್ಣಿನ ಒಳರೆಪ್ಪೆ ಬಿಳಿ. ಕೆಲವಕ್ಕೆ ಯಾವ ಲಕ್ಷಣವೂ ಇಲ್ಲ, ಸಂಜೆ ಮೇದು ಬಂದದ್ದು ಬೆಳಿಗ್ಗೆ ಸತ್ತಿರುತ್ತಿತ್ತು. ಎಲ್ಲರದ್ದೂ ಒಂದೇ ಸಲಹೆ, ಜಂತುಹುಳದ ಔಷಧಿ ಅಲ್ಬೆಂಡಜೋಲ್ ಕುಡಿಸು. ತಿಂಗಳು ತಿಂಗಳು ಕುಡಿಸಿದೆ, ದುಡ್ಡು ಹೋಯಿತು ಅಷ್ಟೇ. ಅದು ಪಿತ್ತನಾಳ ಸೇರಿದ ದೊಡ್ಡ ಹುಳಕ್ಕೆ ಮಾತ್ರ ತಾಗುತ್ತದೆ, ಅದೂ ಡೋಸ್ ಜಾಸ್ತಿ ಇದ್ದರೆ. ಲಿವರ್ ಕೊರೆಯುತ್ತಾ ಹೋಗುವ ಮರಿಹುಳಕ್ಕೆ ಏನೂ ಆಗಲ್ಲ.

ಹಿಕ್ಕೆ ಪರೀಕ್ಷೆ ಮಾಡಿಸಿದರೆ ‘ಏನೂ ಇಲ್ಲ’ ಅಂತ ಬಂತು. ಬರದೆ ಇನ್ನೇನು? ಹುಳ ಮೊಟ್ಟೆ ಇಡಲು ಮೂರು ತಿಂಗಳ ಮೇಲೆ ಬೇಕು, ಎಷ್ಟೋ ಆಡು ಅದಕ್ಕೂ ಮೊದಲೇ ಸಾಯುತ್ತವೆ. ಇನ್ನೊಂದು, ಈ ಮೊಟ್ಟೆ ಭಾರ. ತೇಲಿಸಿ ನೋಡಿದರೆ ಸಿಗಲ್ಲ, ತಳಕ್ಕೆ ಇಳಿಸಿ ನೋಡಬೇಕು. ಕೊನೆಗೆ ಸತ್ತ ಆಡಿನ ಲಿವರ್ ಕುಯ್ಸಿ ಹಿಂಡಿಸಿದೆ. ಎಲೆಯಂಥ ಚಪ್ಪಟೆ ಹುಳ ಹೊರಬಂದವು. ಅದನ್ನು ನೋಡಿದ ಮೇಲೆ ವಾದ ಮಾಡುತ್ತಿದ್ದ ನಮ್ಮ ದೊಡ್ಡಪ್ಪ ಸುಮ್ಮನಾದರು.

ಅಲ್ಲಿಂದ ಔಷಧಿ ಬದಲಿಸಿದೆ. ಕಾಲುವೆ ನೀರು ನಿಂತು ಕೊಯ್ಲು ಮುಗಿಯುವ ಹೊತ್ತಿಗೆ ಟ್ರೈಕ್ಲಾಬೆಂಡಜೋಲ್. ಇದು ಮರಿಹುಳವನ್ನೂ ಕೊಲ್ಲುತ್ತದೆ. ಸುಮಾರು ಎರಡು ತಿಂಗಳಿಗೆ ಇನ್ನೊಮ್ಮೆ ಅದೇ. ಮಳೆಗೆ ಮುಂಚೆ ಆಕ್ಸಿಕ್ಲೋಜನೈಡ್, ಉಳಿದ ದೊಡ್ಡ ಹುಳ ಹೊಸ ನೀರಿಗೆ ಮೊಟ್ಟೆ ಬಿಡಬಾರದು ಅಂತ. ಕುರಿ ಡೋಸ್ ಆಡಿಗೆ ಸಾಲದೇ ಹೋಗಬಹುದು, ಔಷಧಿ ಆಡಿನ ಮೈಯಿಂದ ಬೇಗ ಇಳಿದುಹೋಗುತ್ತದೆ. ಡಾಕ್ಟರ್ ಹತ್ತಿರ ಆಡಿನ ಲೆಕ್ಕವನ್ನೇ ಕೇಳಿ. ಒಂದೊಂದನ್ನೂ ತೂಗಿಯೇ ಕುಡಿಸುತ್ತೇನೆ. ಇದೇ ಹುಳಕ್ಕೆ ಕ್ಲೋಸಾಂಟೆಲ್ ಅನ್ನುವ ಔಷಧಿ ಕೊಡುವವರಂತೂ ಅಂದಾಜಿನಲ್ಲಿ ಕೊಡಲೇಬಾರದು, ಜಾಸ್ತಿಯಾದರೆ ಆಡಿನ ಕಣ್ಣೇ ಹೋಗುತ್ತದೆ.

ಔಷಧಿ ಅರ್ಧ ಕೆಲಸ. ಕೂಳೆ ಮೇವು ನಿಲ್ಲಿಸಿದೆ. ಬಸಿಗಾಲುವೆ ಕಡೆಗೆ ಬೇಲಿ, ಕುಡಿಯಲು ಸಿಮೆಂಟ್ ತೊಟ್ಟಿ. ಎಲ್ಲ ಸೇರಿ 20 ಸಾವಿರದ ಮೇಲೆ ಹೋಯಿತು. ಇಷ್ಟು ದುಡ್ಡಿಗೆ ನಾಲ್ಕು ಆಡೇ ಬರ್ತಿತ್ತಲ್ಲ ಅಂದರು ಊರವರು. ಬದುವಿಗೆ ಹಾಕಿದ ಸುಬಾಬುಲ್, ಅಗಸೆ ಮರಗಳ ಸೊಪ್ಪು ಈಗ ಅರ್ಧ ಮೇವು ಕೊಡುತ್ತಿದೆ. ಹಸಿ ಭತ್ತದ ಹುಲ್ಲು ಹಾಕಲ್ಲ, ಚೆನ್ನಾಗಿ ಒಣಗಿ ಬಣವೆಯಲ್ಲಿ ಕೆಲವು ತಿಂಗಳು ಕೂತದ್ದು ಮಾತ್ರ.

ಬಸವನಹುಳ ತಿನ್ನಲಿ ಅಂತ ಹತ್ತಿಪ್ಪತ್ತು ಬಾತುಕೋಳಿ ಬಿಟ್ಟಿದ್ದೆ. ತಿಂದವು ನಿಜ. ಆದರೆ ಪಕ್ಕದವರ ಸಸಿಮಡಿಗೂ ಇಳಿದವು, ಅರ್ಧದಷ್ಟನ್ನು ನಾಯಿ ಹೊತ್ತೊಯ್ದವು. ಮೈಲುತುತ್ತ ಹಾಕು ಅಂದವರಿದ್ದರು, ಮೀನು ಸಾಯುತ್ತದೆ ಅಂತ ಬಿಟ್ಟೆ. ತೊಟ್ಟಿ ಸುತ್ತ ಕೆಸರಾಗದ ಹಾಗೆ ಒಂದು ಏರ್ಪಾಡು ಮಾಡಿಕೊಂಡಿದ್ದೇನೆ, ಅದು ಸದ್ಯ ನನ್ನಲ್ಲೇ ಇರಲಿ.

ಈಗ ಔಷಧಿಗೆ ಒಂದು ಆಡಿಗೆ ವರ್ಷಕ್ಕೆ 100 ರೂಪಾಯಿ ಚಿಲ್ಲರೆ ಬೀಳಬಹುದು. ಔಷಧಿ ಬದಲಿಸಿದ ಮೇಲೆ, ಕಳೆದ ಎರಡು ಚಳಿಗಾಲದಲ್ಲಿ ಈ ಹುಳಕ್ಕೆ ಒಂದೂ ಸತ್ತಿಲ್ಲ. ಮಂದೆ 60 ದಾಟಿದೆ, ನಮ್ಮೂರಲ್ಲಿ ಇಷ್ಟು ಗಟ್ಟಿ ಮಂದೆ ಇನ್ನೊಂದಿಲ್ಲ. ಬಕ್ರೀದ್‌ಗೆ ಮಾರುವ ಹೋತಗಳಿಗೆ ಮಾತ್ರ ಹಬ್ಬದಿಂದ ಹಿಂದಕ್ಕೆ ಎಣಿಸಿ ಔಷಧಿ ಕೊಡುತ್ತೇನೆ. ಟ್ರೈಕ್ಲಾಬೆಂಡಜೋಲ್ ಮಾಂಸದಲ್ಲಿ ವಾರಗಟ್ಟಲೆ ಉಳಿಯುತ್ತದೆ. ಎಷ್ಟು ದಿನ ಬಿಡಬೇಕು ಅನ್ನುವುದು ಲೇಬಲ್ ಮೇಲೆ ಇರುತ್ತದೆ, ಬಾಟಲಿ ಕೊಳ್ಳುವಾಗಲೇ ನೋಡಿಕೊಳ್ಳಿ.