ಬಂಡೆ ಹತ್ತಿ ನಾಡಿ ಎಣಿಸಿದ ಮೂರು ವರ್ಷ

ಮುಟ್ಟು ನಿಂತು ಎರಡು ವರ್ಷವಾಗಿತ್ತು. ಲಾಲ್‌ಬಾಗ್‌ನಲ್ಲಿ ಕೆಂಪೇಗೌಡ ಗೋಪುರದ ಬಂಡೆ ಹತ್ತುತ್ತಿದ್ದೆ. ಅರ್ಧದಲ್ಲೇ ದಮ್ಮು ಕಟ್ಟಿ ನಿಂತುಬಿಟ್ಟೆ. ಮಗಳನ್ನು ಸೊಂಟದಲ್ಲಿ ಕೂರಿಸಿಕೊಂಡು ಹತ್ತಿದ್ದ ಬಂಡೆ ಅದು. ಆಗ ನನಗೆ 54.

"ನೀವು ಸಣ್ಣಗಿದ್ದೀರಲ್ಲ, ನಿಮಗೇನು?" ಅಂತ ಎಲ್ಲರೂ ಹೇಳುತ್ತಿದ್ದರು. ಸಣ್ಣಗಿರುವುದಕ್ಕೂ ದಮ್ಮಿಗೂ ಸಂಬಂಧ ಕಡಿಮೆ. ಸುಮ್ಮನೆ ಕೂತವರಿಗೆ ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು ಶೇಕಡಾ 10ರಷ್ಟು ದಮ್ಮು, ಅಂದರೆ ಶ್ರಮಪಡುವಾಗ ಆಮ್ಲಜನಕ ಬಳಸುವ ದೇಹದ ಶಕ್ತಿ, ಇಳಿಯುತ್ತದೆ. ಯಾವ ದೇಶದ ಹೆಂಗಸಾದರೂ ಇದು ತಪ್ಪಿದ್ದಲ್ಲ.

ಜಿಮ್ ಸೇರಿದೆ. ಎದೆ ನಿಮಿಷಕ್ಕೆ ಹೆಚ್ಚೆಂದರೆ ಎಷ್ಟು ಸಲ ಬಡಿಯಬಹುದು ಅಂತ ತಿಳಿಯಲು ಗೋಡೆಯ ಪಟ್ಟಿಯಲ್ಲಿ 220ರಿಂದ ವಯಸ್ಸು ಕಳೆಯುವ ಲೆಕ್ಕವಿತ್ತು. ನನಗೆ 166 ಬಂತು. ಅದರ ಶೇಕಡಾ 85 ಮುಟ್ಟಲು ಓಡಿ ಓಡಿ ಮಂಡಿ ನೋಯಿಸಿಕೊಂಡೆ. ಆಮೇಲೆ ಓದಿ ತಿಳಿಯಿತು: ಶಿಕಾಗೋದ 5,000ಕ್ಕೂ ಹೆಚ್ಚು ಹೆಂಗಸರ ಪರೀಕ್ಷೆಯಿಂದ 2010ರಲ್ಲಿ ಬೇರೆ ಸೂತ್ರವೇ ಬಂದಿದೆ. ವಯಸ್ಸನ್ನು 0.88ರಿಂದ ಗುಣಿಸಿ 206ರಿಂದ ಕಳೆಯಬೇಕು. ಹಾಗೆ ಮಾಡಿದರೆ ನನ್ನದು 158. ಎಂಟು ಬಡಿತ ಜಾಸ್ತಿ ಇಟ್ಟುಕೊಂಡು ಒದ್ದಾಡಿದ್ದೆ! ಆದರೆ ಇದೂ ಅಮೆರಿಕದವರ ಲೆಕ್ಕವೇ. ಅಲ್ಲಿ 1990ರ ದಶಕದಲ್ಲಿ ಶುರುವಾದ, ಮುಟ್ಟು ನಿಲ್ಲುವ ವಯಸ್ಸಿನ ದೊಡ್ಡ ಅಧ್ಯಯನದಲ್ಲಿ ಬಿಳಿಯರು, ಕಪ್ಪು ಜನರು, ಚೀನೀಯರು, ಜಪಾನೀಯರು, ಹಿಸ್ಪಾನಿಕ್ ಹೆಂಗಸರು ಇದ್ದರು. ನಮ್ಮವರದೊಂದು ಗುಂಪು ಇರಲಿಲ್ಲ. ಇದು ನನಗೆ ನಿಜಕ್ಕೂ ನೋವು ತಂದಿತು.

ಹಾಗಾಗಿ ನನ್ನ ಅಳತೆಯನ್ನು ನಾನೇ ಇಟ್ಟುಕೊಂಡೆ. ಪ್ರತಿ ಭಾನುವಾರ ಬಂಡೆ ಹತ್ತುವುದು, ಮೇಲೆ ನಿಂತ ತಕ್ಷಣ ಬಳೆ ಹಿಂದಕ್ಕೆ ಸರಿಸಿ ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಡುವುದು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು. ಒಂದು ನಿಮಿಷ ಬಿಟ್ಟು ಮತ್ತೆ ಎಣಿಸುವುದು. ಮೊದಲ ವಾರ 148 ಇದ್ದದ್ದು 140ಕ್ಕಷ್ಟೇ ಇಳಿಯಿತು. ಮೊದಲ ನಿಮಿಷದಲ್ಲಿ 12 ಕೂಡ ಇಳಿಯದಿದ್ದರೆ ಡಾಕ್ಟರಿಗೆ ತೋರಿಸುವುದು ಒಳ್ಳೆಯದು. ತೋರಿಸಿದೆ.

ಇಸಿಜಿ ಸರಿಯಿತ್ತು. ಹಿಮೋಗ್ಲೋಬಿನ್ ಮಾತ್ರ ಕಡಿಮೆ, 9.6! ದೇಹದೊಳಗೆ ಎಲ್ಲೂ ರಕ್ತ ಸೋರುತ್ತಿಲ್ಲ ಅಂತ ಖಚಿತ ಮಾಡಿಕೊಂಡು ಕಬ್ಬಿಣದ ಮಾತ್ರೆ ಕೊಟ್ಟರು. ಆಮ್ಲಜನಕ ಹೊರುವುದೇ ರಕ್ತ, ಅದೇ ಕಡಿಮೆಯಿದ್ದರೆ ಎಷ್ಟು ಓಡಿ ಏನು ಬಂತು, ಅಲ್ವಾ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ನಮ್ಮ ದೇಶದ ಹೆಂಗಸರಲ್ಲಿ ಶೇಕಡಾ 57ರಷ್ಟು ಜನಕ್ಕೆ ರಕ್ತಹೀನತೆ. ದಮ್ಮಿನ ಮಾತಾಡುವಾಗ ಇದನ್ನು ಮೊದಲು ಕೇಳಬೇಕು. ಊಟವಾದ ಕೂಡಲೇ ಕುಡಿಯುತ್ತಿದ್ದ ಫಿಲ್ಟರ್ ಕಾಫಿಯನ್ನು ಮುಂದಕ್ಕೆ ಹಾಕಿದೆ, ಅದು ಕಬ್ಬಿಣಾಂಶ ಹೀರಿಕೊಳ್ಳಲು ಅಡ್ಡಿ. ಸೊಪ್ಪಿಗೆ ನಿಂಬೆರಸ ಹಿಂಡಿಕೊಂಡೆ.

ನಡಿಗೆಯನ್ನು ಮೂರು ತಿಂಗಳ ನಂತರವೇ ಜೋರು ಮಾಡಿದ್ದು. ವಾರಕ್ಕೆ ಐದು ದಿನ, ಅರ್ಧ ಗಂಟೆ. ಗಾಜಿನ ಮನೆಯ ಸುತ್ತ ಒಂದು ನಿಮಿಷ ಬಿರುಸಾಗಿ, ಎರಡು ನಿಮಿಷ ನಿಧಾನ. ಬಿರುಸಲ್ಲಿ ಎರಡು ಮಾತಾಡಿದರೂ ಉಸಿರು ಸಿಕ್ಕಿಹಾಕಿಕೊಳ್ಳಬೇಕು.

ಕೆಳಮನೆಯ ಮಣಿಪುರದ ಹೆಂಗಸು, ಎದುರುಮನೆಯ ಮಾರ್ವಾಡಿ ಭಾಭಿ ಇಬ್ಬರೂ ಜೊತೆಗೆ ಬರುತ್ತಾರೆ. ಮೂವರಿಗೂ ಬೇರೆ ಬೇರೆ ನೋಟ್‌ಬುಕ್. ಒಬ್ಬರದು ಇನ್ನೊಬ್ಬರು ನೋಡುವುದಿಲ್ಲ. ನನಗೀಗ 57. ಹೋದ ಭಾನುವಾರ ಬಂಡೆಯ ಮೇಲೆ 144 ಇತ್ತು, ನಿಮಿಷ ಕಳೆದಾಗ 116. ನಡುವೆ ಎಲ್ಲೂ ನಿಂತಿರಲಿಲ್ಲ.