ಓಡಿಬಂದ ಮಕ್ಕಳ ಕಿರ್ದಿ: ಒಂದು ಥ್ರಿಲ್ಲರ್ ಬರೆದ ನನ್ನ ಅನುಭವ

ಮನೆ ಬಿಟ್ಟು ಓಡಿಬಂದು ಮೆಜೆಸ್ಟಿಕ್‌ನಲ್ಲಿ ಸಿಕ್ಕಿಹಾಕಿಕೊಳ್ಳುವ ಮೂವರು ಮಕ್ಕಳ ಮೇಲೆ ಅಪರಾಧ ಕಾದಂಬರಿ ಬರೆಯುತ್ತಿದ್ದೇನೆ, ಅದರಲ್ಲಿ ಇನ್‌ಸ್ಪೆಕ್ಟರ್ ಇಲ್ಲ, ಮೊದಲ ಪುಟದಲ್ಲಿ ಹೆಣವೂ ಇಲ್ಲ, ಕಥೆಯನ್ನೆಲ್ಲ ಕಿರ್ದಿಯಲ್ಲಿ, ಅಂದರೆ ಅಂಗಡಿಯ ದಿನವಹಿ ಲೆಕ್ಕದ ಪುಸ್ತಕದಲ್ಲಿ, ಜಮಾ-ಖರ್ಚಾಗಿ ಬರೆದಿಟ್ಟುಕೊಂಡಿದ್ದೇನೆ ಎಂದು ಹೇಳಿದಾಗ ನಕ್ಕವರಲ್ಲಿ ನನಗೆ ತೀರ ಹತ್ತಿರದ ಇಬ್ಬರು ಲೇಖಕ ಮಿತ್ರರೂ ಇದ್ದರು. ಗದಗಿನ ಎಪಿಎಂಸಿಯ ದಲಾಲಿ ಅಂಗಡಿಯೊಂದರಲ್ಲಿ ಇಪ್ಪತ್ತಾರು ವರ್ಷ ಲೆಕ್ಕ ಬರೆದವನಿಗೆ ಬೇರೇನು ಹೊಳೆದೀತು ಎಂಬುದು ಅವರ ನಗೆಯ ಅರ್ಥವಾಗಿತ್ತು. ಅವರ ಮಾತು ತಪ್ಪೇನಲ್ಲ. ಆದರೆ ಆ ಕಾದಂಬರಿಯ 500 ಪ್ರತಿಗಳು ಏಳೆಂಟು ತಿಂಗಳಲ್ಲಿ ಮುಗಿದು ಎರಡನೆಯ ಮುದ್ರಣವೂ ಆಗಿರುವುದರಿಂದ, ಈ ಪ್ರಕಾರದಲ್ಲಿ ಕೆಲಸ ಮಾಡುತ್ತಿರುವ ಗೆಳೆಯರಿಗಾಗಿ ನಡೆದುದನ್ನು ಬರೆದಿಡುತ್ತಿದ್ದೇನೆ. ಕಾದಂಬರಿಯ ಹೆಸರು ಹೇಳಿದರೆ ಇದು ಜಾಹೀರಾತಾಗುತ್ತದೆ, ಆದ್ದರಿಂದ ಹೇಳುವುದಿಲ್ಲ.

ಮೊದಲ ಕರಡನ್ನು 2018ರಲ್ಲಿ ಮುಗಿಸಿದೆ. ಸುಮಾರು 380 ಪುಟಗಳಿದ್ದವು. ಅದರಲ್ಲಿ ಹೆಂಡತಿ ತೀರಿಕೊಂಡ, ನಿದ್ರೆ ಬಾರದ, ಸಿಗರೇಟು ಬಿಡಲಾಗದ ಪೊಲೀಸ್ ಅಧಿಕಾರಿಯೊಬ್ಬನಿದ್ದ. ಮಕ್ಕಳು ಅವನ ದುಃಖಕ್ಕೆ ಹಿನ್ನೆಲೆಯಾಗಿ ಅಲ್ಲಲ್ಲಿ ಓಡಾಡುತ್ತಿದ್ದರು, ಅಷ್ಟೆ. ಒಬ್ಬ ಪ್ರಕಾಶಕರು ಹಸ್ತಪ್ರತಿಯನ್ನು ಹನ್ನೊಂದು ತಿಂಗಳು ಇಟ್ಟುಕೊಂಡು, ಮಕ್ಕಳ ಕಥೆ ಕಡಿಮೆ ಮಾಡಿ ಕೊಲೆಗಳನ್ನು ಹೆಚ್ಚಿಸಿರಿ ಎಂಬ ಸಲಹೆಯೊಂದಿಗೆ ಹಿಂದಿರುಗಿಸಿದರು. ಇನ್ನೊಬ್ಬರು ಮುದ್ರಣ ವೆಚ್ಚದ ಅರ್ಧ ಪಾಲು ಎಂದು 18,000 ರೂಪಾಯಿ ಪಡೆದರು. ಪುಸ್ತಕ ಬರಲಿಲ್ಲ, ಹಣವೂ ಬರಲಿಲ್ಲ. ಎರಡನೆಯ ಕರಡನ್ನು ಹುಡುಗನೊಬ್ಬನ ಬಾಯಲ್ಲಿ, ಪೂರ್ತಿ ಮೆಜೆಸ್ಟಿಕ್ ಭಾಷೆಯಲ್ಲಿ ಬರೆದೆ. ಅದನ್ನು ಓದಿದ ಮೂವರೂ ಪುಸ್ತಕದ ಕೊನೆಯಲ್ಲಿ ಪದಕೋಶ ಕೊಡುವಿರಾ ಎಂದು ಕೇಳಿದರು. ಆರು ತಿಂಗಳ ಕೆಲಸವನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಅಟ್ಟಕ್ಕೇರಿಸಿದೆ.

ದಾರಿ ತೋರಿಸಿದವನು ನಮ್ಮ ಅಂಗಡಿಯ ಹಮಾಲ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಈರುಳ್ಳಿ ಚೀಲಗಳ ನೆರಳಿನಲ್ಲಿ ಕುಳಿತವರಿಗೆ ನಾನು ಅಧ್ಯಾಯಗಳನ್ನು ಓದಿ ಹೇಳುತ್ತಿದ್ದೆ. ಅವರು ಯಾವ ಸಾಲಿಗೆ ಚಹಾ ನೆಪದಲ್ಲಿ ಎದ್ದು ಹೋಗುತ್ತಾರೆ ಎಂಬುದನ್ನು ಅಂಚಿನಲ್ಲಿ ಗುರುತು ಮಾಡಿಕೊಳ್ಳುವುದು ನನ್ನ ಅಭ್ಯಾಸ. ವಿಮರ್ಶಕರಿಗಿಂತ ಇದು ಅಗ್ಗ, ಹೆಚ್ಚು ನಂಬಿಕೆಗೂ ಅರ್ಹ. ಒಂದು ದಿನ, ಹುಡುಗರನ್ನು ಬೆನ್ನಟ್ಟುವ ದೃಶ್ಯವನ್ನು ನಾನು ಆವೇಶದಿಂದ ಓದುತ್ತಿರುವಾಗ ಅವನು ತಡೆದು, “ಅಲ್ರೀ ಗುಮಾಸ್ತರ, ಆ ಹುಡುಗನ ಕಿಸೆದಾಗ ಐನೂರು ಇತ್ತಲ್ಲ, ಅದೆಲ್ಲಿ ಹೋತು?” ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಚಿಕ್ಕವನಿದ್ದಾಗ ತಾನೂ ಒಮ್ಮೆ ಮನೆ ಬಿಟ್ಟು ಓಡಿದ್ದೆನೆಂದೂ, ಆ ದಿನಗಳಲ್ಲಿ ಮುಖಗಳಿಗಿಂತ ಕಿಸೆಯಲ್ಲಿದ್ದ ಹಣವೇ ಇಂದಿಗೂ ಸರಿಯಾಗಿ ನೆನಪಿದೆಯೆಂದೂ ಅವನು ಹೇಳಿದ. ಆ ಸಂಜೆ ಅಂಗಡಿ ಮುಚ್ಚಿದ ಮೇಲೆ ಹೊಸ ಕಿರ್ದಿ ಪುಸ್ತಕವೊಂದನ್ನು ತೆಗೆದು, ಮೂವರು ಮಕ್ಕಳ ಆರಂಭದ ಶಿಲ್ಕು, ಅಂದರೆ ಹೊರಡುವಾಗ ಕೈಯಲ್ಲಿದ್ದ ಹಣವನ್ನು ಬರೆದೆ.

ಕಾಲವನ್ನು ಆರಿಸಿಕೊಂಡದ್ದು ಕೂಡ ಲೆಕ್ಕದ ದೃಷ್ಟಿಯಿಂದಲೇ. 2016ರ ನವೆಂಬರ್ 8ರ ಸಂಜೆ ಮೂವರೂ ಗದಗಿನಲ್ಲಿ ಹಂಪಿ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿ ಹತ್ತುತ್ತಾರೆ. ಹದಿನೈದರ ಹುಡುಗಿ ಮನೆಯವರು ಗೊತ್ತು ಮಾಡಿದ ಮದುವೆಯಿಂದ ತಪ್ಪಿಸಿಕೊಂಡು ಬಂದವಳು; ಹಿರಿಯ ಹುಡುಗ ತಂದೆಯ ಪೆಟ್ಟಿಗೆಯಿಂದ ಐದು ಐನೂರರ ನೋಟುಗಳನ್ನು ಕದ್ದವನು; ಕಿರಿಯವನು ಸುಮ್ಮನೆ ಜೊತೆಗೆ ಬಂದವನು. ರಾತ್ರಿ 8ಕ್ಕೆ ಪ್ರಧಾನಿಯವರ ಭಾಷಣವಾಗುತ್ತದೆ, ನಡುರಾತ್ರಿಗೆ ಆ ನೋಟುಗಳ ಚಲಾವಣೆ ನಿಲ್ಲುತ್ತದೆ. ಬಳ್ಳಾರಿ, ಗುಂತಕಲ್ಲು, ಅನಂತಪುರ ದಾಟಿ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯುವ ಮಕ್ಕಳ ಬಳಿ 2,500 ರೂಪಾಯಿಯೂ ಇದೆ, 70 ರೂಪಾಯಿಯೂ ಇದೆ, ಆದರೆ ಹೋಟೆಲಿನವನು ತೆಗೆದುಕೊಳ್ಳುವುದು ಎಪ್ಪತ್ತನ್ನು ಮಾತ್ರ. ಮರುದಿನ ಬ್ಯಾಂಕುಗಳು ಮುಚ್ಚಿದ್ದವು; ತೆರೆದ ಮೇಲೂ ನೋಟು ಬದಲಿಸಲು ಗುರುತಿನ ಚೀಟಿ ಬೇಕಿತ್ತು. ಹಳೆಯ ನೋಟು ನಡೆಯುತ್ತಿದ್ದ ಕೆಲವೇ ಕಡೆಗಳಲ್ಲಿ ಮುಖ್ಯವಾದವೆಂದರೆ ಸರ್ಕಾರಿ ಆಸ್ಪತ್ರೆ, ಪೆಟ್ರೋಲ್ ಬಂಕ್, ಹಾಲಿನ ಬೂತ್, ಸರ್ಕಾರಿ ಬಸ್ಸು ಮತ್ತು ರೈಲ್ವೆ ಟಿಕೆಟ್ ಕೌಂಟರ್. ಹಾಲಿನ ಬೂತಿನಲ್ಲಿ ಒಂದು ಪ್ಯಾಕೆಟ್ಟಿಗೆ ಐನೂರು ಮುರಿಸಲು ಚಿಲ್ಲರೆ ಎಲ್ಲಿಂದ ತರುವುದು? ಹೀಗಾಗಿ ಆ ನೋಟಿನಿಂದ ಮಕ್ಕಳು ನಿಜವಾಗಿ ಕೊಳ್ಳಬಹುದಾಗಿದ್ದ ಒಂದೇ ವಸ್ತು, ಯಾವ ಊರಿನಿಂದ ಓಡಿ ಬಂದರೋ ಅದೇ ಊರಿಗೆ ಮರಳುವ ಟಿಕೆಟ್. ಇದು ಹೊಳೆದ ರಾತ್ರಿ ನನಗೆ ನಿದ್ರೆ ಬರಲಿಲ್ಲ ಎಂದರೆ ಸ್ವಲ್ಪ ಜಂಬವಾದೀತು, ಆದರೂ ನಿಜ.

ಕಥೆಯ ಅವಧಿ ನವೆಂಬರ್ 8ರಿಂದ, ಬ್ಯಾಂಕುಗಳಲ್ಲಿ ಕೈಯಿಂದ ಕೈಗೆ ನೋಟು ಬದಲಿಸುವುದು ನಿಂತ 24ರವರೆಗೆ, ಒಟ್ಟು ಹದಿನೇಳು ದಿನ. ದಿನಕ್ಕೊಂದು ಪುಟದಂತೆ ಕಿರ್ದಿಯಲ್ಲಿ ಹದಿನೇಳು ಪುಟ. ಎಡಕ್ಕೆ ಜಮಾ, ಬಲಕ್ಕೆ ಖರ್ಚು, ಕೆಳಗೆ ಅಖೈರು ಶಿಲ್ಕು, ಅಂದರೆ ದಿನದ ಕೊನೆಗೆ ಉಳಿದದ್ದು. ಶಿಲ್ಕನ್ನು ನಡೆಯುವ ಹಣ, ನಡೆಯದ ಹಣ ಎಂದು ಎರಡಾಗಿ ತೋರಿಸಿದೆ. ಇಡ್ಲಿ, ಚಹಾ, ಹರಿದ ಚಪ್ಪಲಿ, ಎಲ್ಲವೂ ದರ ಸಹಿತ. ನನಗೆ ನಾನೇ ಹಾಕಿಕೊಂಡ ನಿಯಮವೆಂದರೆ, ಒಂದು ದೃಶ್ಯ ಮುಗಿದ ಮೇಲೂ ಶಿಲ್ಕಿನಲ್ಲಿ ಬದಲಾವಣೆ ಇಲ್ಲವಾದರೆ ಆ ದೃಶ್ಯ ಎಷ್ಟೇ ಚೆನ್ನಾಗಿದ್ದರೂ ಹೋಗಬೇಕು. ಹಳೆಯ ಕರಡಿನಿಂದ ಉಳಿಸಿಕೊಂಡಿದ್ದ ಒಂಬತ್ತು ಅಧ್ಯಾಯಗಳು ಈ ಜರಡಿಯಲ್ಲಿ ಬಿದ್ದುಹೋದವು. ಅಧಿಕಾರಿಯ ದುಃಖವೂ ಸಿಗರೇಟೂ ಅವುಗಳ ಜೊತೆಗೇ ಹೋದವು.

ನಾನು ಯೋಚಿಸದೇ ಇದ್ದುದನ್ನು ಕಿರ್ದಿಯೇ ತೋರಿಸಿದ ಸಂದರ್ಭಗಳೂ ಇವೆ. ನಾಲ್ಕು ದಿನಗಳ ಖರ್ಚು ಕೂಡಿಸಿ ನೋಡಿದಾಗ ಹುಡುಗಿಯ ಪಾಲು ಹುಡುಗರಿಬ್ಬರ ಪಾಲಿಗಿಂತ ಹೆಚ್ಚಾಗಿತ್ತು. ಹುಡುಗರು ಗೋಡೆಯ ಮರೆಗೆ ಹೋಗುತ್ತಾರೆ. ಅವಳು ಪ್ರತಿ ಸಲವೂ ಶೌಚಾಲಯದ ಬಾಗಿಲಲ್ಲಿ ಐದು ರೂಪಾಯಿ ಕೊಡಬೇಕು, ಸ್ನಾನಕ್ಕೆ ಬೇರೆ, ತಿಂಗಳ ದಿನಗಳಿಗೆ ಬೇರೆ. ಐದನೆಯ ದಿನದ ಜಗಳ, ಅಂದರೆ ಹಿರಿಯ ಹುಡುಗ ನೀನೇ ಎಲ್ಲ ಹಣ ತಿನ್ನುತ್ತೀ ಎಂದು ಕೂಗಾಡಿ, ಅವಳು ಕಾರಣ ಹೇಳಲಾಗದೆ ಸುಮ್ಮನೆ ಎದ್ದು ನಡೆದುಹೋಗುವ ಭಾಗ ಹುಟ್ಟಿದ್ದು ಆ ಮೊತ್ತದಿಂದ. ಓದುಗರ ಪತ್ರಗಳಲ್ಲಿ ಅತಿ ಹೆಚ್ಚು ಪ್ರಸ್ತಾಪವಾದ ದೃಶ್ಯವೂ ಅದೇ.

ಈ ಕ್ರಮದಿಂದ ನಾನು ಕಲಿತ ಮುಖ್ಯ ಸಂಗತಿಯನ್ನು ಇಲ್ಲಿ ಹೇಳಿಬಿಡುತ್ತೇನೆ. ಭಯ ಖರ್ಚಿನ ಕಡೆ ಇರುವುದಿಲ್ಲ, ಜಮಾ ಕಡೆ ಇರುತ್ತದೆ. ಹಣ ಕರಗುವಾಗ ಓದುಗನಿಗೆ ಮಕ್ಕಳ ಮೇಲೆ ಕನಿಕರ ಹುಟ್ಟುತ್ತದೆಯೇ ಹೊರತು ಭಯವಲ್ಲ. ದುಡಿಯದೆ, ಬೇಡದೆ, ಕದಿಯದೆ ಹಣ ಒಳಗೆ ಬಂದ ದಿನ ಮಾತ್ರ ಬೆನ್ನು ತಣ್ಣಗಾಗುತ್ತದೆ. ನನ್ನ ಖಳನಾಯಕ ಮೂರನೆಯ ದಿನದ ಜಮಾದಲ್ಲಿ ಒಂದು ಪ್ಲೇಟು ಚಿತ್ರಾನ್ನವಾಗಿ ಕಾಲಿಡುತ್ತಾನೆ. ನಾಲ್ಕನೆಯ ದಿನ ಐನೂರರ ಒಂದು ನೋಟಿಗೆ ಮುನ್ನೂರು ಕೊಡುತ್ತಾನೆ. ಆ ವಾರದ ಬೀದಿ ವ್ಯಾಪಾರದಲ್ಲಿ ಅದು ಮೋಸವೆಂದು ಯಾರಿಗೂ ಅನಿಸದು. ಆಮೇಲೆ ಕಂಬಳಿ, ಮಲಗಲು ಕಾಟನ್‌ಪೇಟೆಯ ಗೋದಾಮಿನ ಮೂಲೆ. ಅವನು ಒಂದು ಬಾರಿಯೂ ಗದರಿಸುವುದಿಲ್ಲ, ಕತ್ತಿ ತೋರಿಸುವುದಿಲ್ಲ. ಆದರೆ ಅವನ ಬಳಿಯೂ ಒಂದು ಕಿರ್ದಿ ಇದೆ, ಅದರಲ್ಲಿ ಇವೆಲ್ಲವೂ ಮಕ್ಕಳ ಹೆಸರಿನಲ್ಲಿ ಸಾಲವಾಗಿ ನಮೂದಾಗುತ್ತಿವೆ. ಓದುಗನಿಗೆ ಇದು ಎಷ್ಟನೆಯ ದಿನ, ಯಾವ ನಮೂದಿನ ಮೂಲಕ ತಿಳಿಯಬೇಕು ಎಂಬುದನ್ನು ನಿರ್ಧರಿಸಲು ನಾನು ಬಳಸಿದ ಉಪಾಯವೊಂದಿದೆ. ಮುಂದಿನ ಕಾದಂಬರಿ ಅಚ್ಚಾಗುವವರೆಗೆ ಅದು ನನ್ನಲ್ಲೇ ಇರಲಿ.

ಅವನ ನಿಜವಾದ ದಂಧೆ, ಸಿರಿವಂತರ ಹಳೆಯ ನೋಟುಗಳನ್ನು ಕೂಲಿಯವರ ಗುರುತಿನ ಚೀಟಿಯ ಮೇಲೆ ಬದಲಿಸುವುದು. ದಿನಾಂಕಗಳೇ ಇಲ್ಲಿ ನನ್ನ ಕೈಹಿಡಿದವು. ಬದಲಾವಣೆಯ ಮಿತಿ ಮೊದಲು 4,000, ಅನಂತರ 4,500, ನವೆಂಬರ್ 18ರಿಂದ 2,000. ಅದಕ್ಕೂ ಮೊದಲೇ, ಅದೇ ಜನ ಮತ್ತೆ ಮತ್ತೆ ಸರದಿಗೆ ಬಾರದಂತೆ ಬ್ಯಾಂಕುಗಳಲ್ಲಿ ಬೆರಳಿಗೆ ಶಾಯಿ ಹಾಕಲಾರಂಭಿಸಿದರು. ಆ ಶಾಯಿ ನಮ್ಮ ಮೈಸೂರಿನ ಮೈಸೂರು ಪೇಂಟ್ಸ್ ಕಾರ್ಖಾನೆಯದು, ಚುನಾವಣೆಯಲ್ಲಿ ಹಾಕುವಂಥದ್ದೇ. ಸರದಿಯ ದಂಧೆ ಕುಸಿಯುತ್ತದೆ. ಅಲ್ಲಿಯವರೆಗೆ ಸಾಲಿನಲ್ಲಿ ಜಾಗ ಹಿಡಿಯಲು, ಕಟ್ಟುಗಳನ್ನು ಆಚೆಯಿಂದ ಈಚೆಗೆ ಸಾಗಿಸಲು ಮಾತ್ರ ಬಳಕೆಯಾಗುತ್ತಿದ್ದ ಮಕ್ಕಳಿಂದ ಅವನು ತನ್ನ ಬಾಕಿಯನ್ನು ಬೇರೆ ರೀತಿಯಲ್ಲಿ ವಸೂಲು ಮಾಡಲು ಯೋಚಿಸುವುದು ಆ ರಾತ್ರಿಯಿಂದ. ಅವನ ಕ್ರೌರ್ಯಕ್ಕೆ ಬಾಲ್ಯದ ಕಾರಣವನ್ನೋ ಹುಚ್ಚನ್ನೋ ನಾನು ಹುಡುಕಬೇಕಾಗಲಿಲ್ಲ.

ಎಡವಿದ್ದೂ ಸಾಕಷ್ಟಿದೆ. ಆರನೆಯ ದಿನ ಮಕ್ಕಳನ್ನು ಇಂದಿರಾ ಕ್ಯಾಂಟೀನಿಗೆ ಕಳುಹಿಸಿ ಐದು ರೂಪಾಯಿಯ ತಿಂಡಿ ತಿನ್ನಿಸಿದ್ದೆ. ಅದು ಆರಂಭವಾದದ್ದೇ 2017ರ ಆಗಸ್ಟ್‌ನಲ್ಲಿ ಎಂದು ಕರಡು ತಿದ್ದುವವರು ಹಿಡಿದುಕೊಟ್ಟರು. ಹಸಿರು ಮೆಟ್ರೊ ಕೂಡ ಆಗ ಮೆಜೆಸ್ಟಿಕ್‌ಗೆ ಬಂದಿರಲಿಲ್ಲ, ನೇರಳೆ ಮಾರ್ಗ ಮಾತ್ರ ಇತ್ತು. ತಪ್ಪಿಸಿಕೊಳ್ಳುವ ದೃಶ್ಯವನ್ನು ಇಡಿಯಾಗಿ ತಿರುಗಿಸಿ ಬರೆಯಬೇಕಾಯಿತು. ಆದರೆ ದೊಡ್ಡ ತಪ್ಪು ನನ್ನ ಕ್ರಮದೊಳಗೇ ಇತ್ತು. ಮಕ್ಕಳ ಸಹಾಯವಾಣಿ 1098ಕ್ಕೆ ಇವರು ಯಾಕೆ ಕರೆ ಮಾಡುವುದಿಲ್ಲ ಎಂದು ಓದಿದ ಪ್ರತಿಯೊಬ್ಬರೂ ಕೇಳಿದರು. ಅದು ಪುಕ್ಕಟೆ ಕರೆಯಾದ್ದರಿಂದ ಕಿರ್ದಿಯಲ್ಲಿ ಬರುವುದಿಲ್ಲ, ಹಾಗಾಗಿ ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಆಮೇಲೆ ಪುಟದ ಅಂಚಿನಲ್ಲಿ ಪುಕ್ಕಟೆ ಎಂಬ ಮೂರನೆಯ ಅಂಕಣ ಎಳೆದು, ನಲ್ಲಿಯ ನೀರು, ಪ್ಲಾಟ್‌ಫಾರಂ ನೆಲ, ಸಹಾಯವಾಣಿ ಎಲ್ಲವನ್ನೂ ಅಲ್ಲಿ ಬರೆದುಕೊಂಡೆ. ಈಗ ಕಾದಂಬರಿಯಲ್ಲಿ ಹುಡುಗಿ ಗೋಡೆಯ ಮೇಲಿನ ಆ ಸಂಖ್ಯೆಯನ್ನು ಮೂರು ಬಾರಿ ಓದುತ್ತಾಳೆ. ಆ ಕಡೆಯಿಂದ ಬರುವ ಮೊದಲ ಪ್ರಶ್ನೆ ನಿನ್ನ ಊರು ಯಾವುದು ಎಂದೇ ಇರುತ್ತದೆ ಎಂದು ಅವಳು ನಂಬಿದ್ದಾಳೆ, ಊರೆಂದರೆ ಮದುವೆ. ಸಿಕ್ಕ ಮಗುವನ್ನು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು, ಮನೆಗೆ ಕಳುಹಿಸುವ ಮೊದಲು ಸಮಿತಿ ವಿಚಾರಣೆ ನಡೆಸಬೇಕು ಎಂಬುದು ಅವಳಿಗೆ ಯಾರೂ ಹೇಳಿಲ್ಲ. ಅವಳು ಕೊನೆಗೆ ಕರೆ ಮಾಡುವಳೋ ಇಲ್ಲವೋ ಎಂಬುದೇ ಪುಸ್ತಕದ ಕೊನೆಯ ನಲವತ್ತು ಪುಟಗಳನ್ನು ಹೊತ್ತಿದೆ.

ಮಾಹಿತಿಗಾಗಿ ನಾನು ಬೀದಿಯಲ್ಲಿರುವ ಯಾವ ಮಗುವನ್ನೂ ಮಾತಾಡಿಸಲಿಲ್ಲ. ಬಾಲನ್ಯಾಯ ಕಾಯಿದೆಯ 74ನೆಯ ಕಲಮು ಇಂಥ ಮಕ್ಕಳ ಗುರುತು ಬಯಲು ಮಾಡುವುದನ್ನು ನಿಷೇಧಿಸುತ್ತದೆ; ಕಾನೂನು ಇರದಿದ್ದರೂ, ನೂರು ರೂಪಾಯಿ ಕೊಟ್ಟು ನೋವು ಕೇಳುವವನಿಗೂ ನನ್ನ ಖಳನಾಯಕನಿಗೂ ಹೆಚ್ಚು ಅಂತರ ಉಳಿಯುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಓಡಿಹೋಗಿ ಈಗ ಸಂಸಾರಸ್ಥರಾಗಿರುವ ನಾಲ್ವರನ್ನು ಅವರವರ ಒಪ್ಪಿಗೆಯಿಂದ ಕೇಳಿದೆ. ಸ್ಥಳ ನೋಡಲು ಬೆಂಗಳೂರು ನಿಲ್ದಾಣದಲ್ಲಿ ಮೂರು ರಾತ್ರಿ ಕುಳಿತಿದ್ದೆ. ಎರಡನೆಯ ರಾತ್ರಿ ಕರ್ತವ್ಯದಲ್ಲಿದ್ದ ಪೇದೆಯೊಬ್ಬರು, ರೈಲು ಹತ್ತದೆ ಮಕ್ಕಳನ್ನೇ ನೋಡುತ್ತ ಕುಳಿತಿರುವ ಐವತ್ತರ ಗಂಡಸು ಯಾರೆಂದು ವಿಚಾರಿಸಿ ಒಂದು ಗಂಟೆ ಕೂರಿಸಿಕೊಂಡರು. ಅವರು ಮಾಡಿದ್ದು ಸರಿಯಾಗಿತ್ತು. ಕಾಪಾಡಲು ನೋಡುವವನೂ ಬೇಟೆಗೆ ನೋಡುವವನೂ ಹತ್ತು ಮಾರು ದೂರದಿಂದ ಒಂದೇ ರೀತಿ ಕಾಣುತ್ತಾರೆ ಎಂಬ ತಿಳಿವಳಿಕೆ ನನಗೆ ಆ ಬೆಂಚಿನ ಮೇಲೆ ಬಂತು. ಹತ್ತನೆಯ ದಿನದಲ್ಲಿ ಕಿರಿಯ ಹುಡುಗ ತಪ್ಪು ಮನುಷ್ಯನಿಂದ ತಪ್ಪಿಸಿಕೊಳ್ಳಲು ಹೋಗಿ ಸರಿಯಾದ ಮನುಷ್ಯನಿಂದ ಓಡುವುದು ಅದರ ಫಲ.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಒಂದು ಇಡೀ ಅಧ್ಯಾಯವನ್ನು ಬರಿಯ ಕಿರ್ದಿಯ ನಮೂದುಗಳಾಗಿ ಮುದ್ರಿಸಬೇಕೆಂದು ಹಟ ಹಿಡಿದಿದ್ದೆ. ಹಮಾಲರು ಮೆಚ್ಚಿದರು, ಓದುಬಲ್ಲ ನನ್ನ ತಂಗಿ ಪುಟ ಮಗುಚಿ ಮುಂದೆ ಹೋದಳು, ಹಾಗಾಗಿ ಅದನ್ನು ಅರ್ಧ ಪುಟಕ್ಕಿಳಿಸಿದೆ. ಭಾಷೆಯ ವಿಷಯದಲ್ಲಿ ನಿರೂಪಣೆಯನ್ನು ಗ್ರಾಂಥಿಕದಲ್ಲಿಯೂ ಮಕ್ಕಳ ಮಾತನ್ನು ಗದಗಿನ ಕನ್ನಡದಲ್ಲಿಯೂ ಇಟ್ಟೆ. ದಿನ ಕಳೆದಂತೆ ಕಿರಿಯವನ ಮಾತಿನಲ್ಲಿ ‘ಹೋತು’, ‘ಬಂತು’ಗಳ ನಡುವೆ ಬೆಂಗಳೂರಿನ ‘ಹೋಯ್ತು’ ನುಸುಳುತ್ತದೆ. ಇದನ್ನು ಗಮನಿಸಿದೆನೆಂದು ಈವರೆಗೆ ಬರೆದವರು ಇಬ್ಬರೇ, ಆದರೂ ನನಗೆ ಸಂತೋಷ.

ಹಣದ ಮಾತು. ಯಾವ ಪ್ರಕಾಶಕರೂ ಒಪ್ಪದ ಕಾರಣ ಮುದ್ರಣವನ್ನು ಗದಗಿನಲ್ಲೇ ಮಾಡಿಸಿದೆ. 248 ಪುಟ, ಡೆಮಿ ಅಷ್ಟಮ ಆಕಾರ, 500 ಪ್ರತಿ. ಡಿಟಿಪಿ, ಕರಡು ತಿದ್ದುವಿಕೆ, ಮುಖಪುಟ, ಕಾಗದ, ಬೈಂಡಿಂಗ್ ಸೇರಿ ಅರವತ್ತು ಸಾವಿರದ ಆಸುಪಾಸು ಆಯಿತು. ಬೆಲೆ 240 ಇಟ್ಟೆ. ಸುಮಾರು 300 ಪ್ರತಿಗಳನ್ನು ನಾನೇ ಅಂಚೆಯಲ್ಲಿ ಕಳುಹಿಸಿದೆ, ಅಂಚೆ ಖರ್ಚು ಕಳೆದು ಪ್ರತಿಗೆ ಇನ್ನೂರು ಉಳಿಯಿತು. ನೂರೈವತ್ತು ಪ್ರತಿ ಪುಸ್ತಕದ ಅಂಗಡಿಗಳ ಮೂಲಕ, ನಲವತ್ತು ಪ್ರತಿಶತ ಕಮಿಷನ್ನಿನ ಮೇಲೆ ಹೋದವು. ಉಳಿದ ಐವತ್ತು ಗೌರವ ಪ್ರತಿಗಳು, ಅವುಗಳಲ್ಲಿ ಓದಿದವರು ಎಷ್ಟೋ. ಕೈಗೆ ಬಂದುದರಲ್ಲಿ ಹದಿನೈದು ಸಾವಿರ ಮಿಕ್ಕಿತೆಂದು ಹೇಳಬಹುದು, ಆದರೆ ಮೊದಲು ಮುಳುಗಿದ 18,000 ಸೇರಿಸಿದರೆ ಮೊದಲ ಮುದ್ರಣದ ಕೊನೆಗೆ ನಾನು ಮೂರು ಸಾವಿರ ನಷ್ಟದಲ್ಲಿದ್ದೆ. ಎರಡನೆಯ ಮುದ್ರಣಕ್ಕೆ ಸಾವಿರ ಪ್ರತಿ ಹಾಕಿಸಿದ್ದರಿಂದ ಪ್ರತಿಯ ವೆಚ್ಚ ಇಳಿದು, ಲೆಕ್ಕ ಈಗ ಜಮಾ ಕಡೆಗೆ ಬಂದಿದೆ. ನಕ್ಕ ಇಬ್ಬರು ಮಿತ್ರರಲ್ಲಿ ಒಬ್ಬರು ಕಳೆದ ತಿಂಗಳು ನಮ್ಮ ಅಂಗಡಿಗೆ ಬಂದು ಕಿರ್ದಿ ಬರೆಯುವ ಕ್ರಮವನ್ನು ಕೇಳಿ ಬರೆದುಕೊಂಡು ಹೋದರು. ಪುಸ್ತಕದ ಅಂಗಡಿಯವರಿಂದ ಬರಬೇಕಾದ ಏಳು ಸಾವಿರ ಮಾತ್ರ ಇನ್ನೂ ಬಾಕಿಯ ಪುಟದಲ್ಲೇ ಇದೆ.